ಖರ್ಜೂರದ ಕೋಣೆ

ಹಸನಬ್ಬ ಜನ್ಮದಲ್ಲಿ ಹೇಳಿದ್ದು ಒಂದೇ ಒಂದು ದೊಡ್ಡ ಸುಳ್ಳು. ಆದರೆ ಅದನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಸಾಕಿದ, ಹಾಲು ಕೊಡುವ ಎಮ್ಮೆಯನ್ನು ಸಾಕಿದ ಹಾಗೆ.

ಕೊಲ್ಲಿ ಯುದ್ಧ ಮುಗಿದ ಮರುವರ್ಷ ಬಂಟ್ವಾಳದ ಕಡೆಯಿಂದ ಕುವೈತಿಗೆ ಬಂದವನಿಗೆ ಸಿಕ್ಕಿದ್ದು ಶರ್ಕ್‌ನ ಒಂದು ಹಳೆಯ ಮನೆ ಕಾಯುವ ಕೆಲಸ. ಮುತ್ತಿನ ವ್ಯಾಪಾರದ ಕಾಲದಲ್ಲಿ ಕಟ್ಟಿದ ಮನೆ ಅದು. ಯಜಮಾನರ ಸಂಸಾರ ಎಂದೋ ಹೊಸ ಬಂಗಲೆಗೆ ಹೋಗಿತ್ತು. ಸಂಜೆ ಮಾತ್ರ ಗಂಡಸರು ಬಂದು ದಿವಾನಿಯಾದಲ್ಲಿ, ಅಂದರೆ ಬೈಠಕ್ಕಿನ ಕೋಣೆಯಲ್ಲಿ, ಕೂತು ಹರಟೆ ಹೊಡೆದು ಏಳುವರು. ಅವರಿಗೆ ಅರಬರ ಕಾಫಿ ಕಹ್ವಾ ಹೊಯ್ಯುವುದು, ಗುಡಿಸುವುದು, ಬಾಗಿಲು ಹಾಕುವುದು ಹಸನಬ್ಬನ ಪಾಲಿಗೆ.

ಗಲ್ಫಿಗೆ ಹೋದವನು ಮೊದಲ ತಿಂಗಳಲ್ಲೇ ಮನೆಗೊಂದು ಫೋಟೋ ಕಳಿಸಬೇಕು, ಇಲ್ಲದಿದ್ದರೆ ಊರು ಅವನನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಬ್ಬ ತನ್ನ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಕಾರಿಗೆ ಒರಗಿ ನಿಲ್ಲುತ್ತಾನೆ, ಇನ್ನೊಬ್ಬ ಯಾರದೋ ಫ್ರಿಜ್ಜಿನ ಬಾಗಿಲು ಹಿಡಿದು ಹಲ್ಲು ಕಿರಿಯುತ್ತಾನೆ. ಹಸನಬ್ಬ ಯಜಮಾನರಿಲ್ಲದ ಹೊತ್ತು ನೋಡಿ ದಿವಾನಿಯಾದ ಕೆಂಪು ದಿಂಬಿಗೆ ಮೊಣಕೈ ಊರಿ ಕೂತ. ಡ್ರೈವರ್ ಲತೀಶ್ ಫೋಟೋ ಹೊಡೆದ. ಅದರ ಹಿಂದೆ ಬರೆದದ್ದು ಮೂರೇ ಶಬ್ದ: ಇದು ನನ್ನ ಕೋಣೆ. ಹೆಂಡತಿ ಬೀಫಾತಿಮ ಅದನ್ನು ಕಪಾಟಿನ ಗಾಜಿಗೆ ಅಂಟಿಸಿ ಬಂದವರಿಗೆಲ್ಲ ತೋರಿಸಿದಳು.

ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಆರು ವರ್ಷ ಕಳೆದ ಮೇಲೆ ಅವಳು ಫೋನಿನಲ್ಲಿ ಕೇಳಿದಳು, “ಅಷ್ಟು ದೊಡ್ಡ ಕೋಣೆ ಉಂಟಲ್ಲ, ನನಗೂ ಮಗನಿಗೂ ಒಂದು ಮೂಲೆ ಸಾಕು. ಕರೆಸಿಕೊಳ್ಳಿ ನಮ್ಮನ್ನು.”

“ಕಫೀಲ್ ಬಿಡುವುದಿಲ್ಲ,” ಅಂದ.

ಮರುವರ್ಷವೂ ಕೇಳಿದಳು. ಅದರ ಮರುವರ್ಷವೂ. ಆಮೇಲೆ ಕೇಳುವುದನ್ನೇ ಬಿಟ್ಟಳು. ರಜೆಗೆ ಹೋದರೆ ಬಡಿಸುವಳು, ಬಟ್ಟೆ ಒಗೆದು ಹಾಕುವಳು, ಮಾತು ಮಾತ್ರ ಬೇಕಾದಷ್ಟೇ. ಹೌದಪ್ಪ, ಅರಮನೆಯಲ್ಲಿ ಒಬ್ಬನೇ ಕಾಲು ಚಾಚಿ ಮಲಗುವ ಗಂಡನ ಹತ್ತಿರ ಎಂತದು ಮಾತು! ಅಲ್ಲಿ ಇನ್ಯಾವಳೋ ಇದ್ದಾಳೆ ಎಂದು ಅವಳ ತಂಗಿ ಕಿವಿ ಊದಿದ್ದೂ ಉಂಟು.

ಅವನು ಹತ್ತೊಂಬತ್ತು ವರ್ಷ ಕಾದ ಆ ಮನೆ ಈಗ ಮ್ಯೂಸಿಯಂ ಆಗಿದೆ. ಮಗ ಝಹೀರ್ ಕುವೈತಿನಲ್ಲೇ ಆಫೀಸು ಕೆಲಸದಲ್ಲಿದ್ದಾನೆ. ಹಸನಬ್ಬ ಇರುವುದೂ ಅಬು ಹಲೀಫಾದ ಅವನ ಫ್ಲ್ಯಾಟಿನಲ್ಲೇ. ತಾಯಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿದ ಝಹೀರ್ ಶುಕ್ರವಾರ ಸಂಜೆ, “ಉಪ್ಪ ಇದ್ದ ಮನೆ ನೋಡಿ ಬರುವ,” ಎಂದು ಎಲ್ಲರನ್ನೂ ಹೊರಡಿಸಿದ. ಹಸನಬ್ಬ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ದಿವಾನಿಯಾ ಒಂದನ್ನು ತೋರಿಸಿ ಹೊರಗೆ ಕರೆತಂದುಬಿಟ್ಟರೆ ಅವನು ಗೆದ್ದ. ಕಣ್ಣಾರೆ ನೋಡಿದ ಮೇಲೆ ಸುಳ್ಳೂ ನಿಜವೇ ಆಗುತ್ತದಲ್ಲ.

ದಿವಾನಿಯಾದಲ್ಲಿ ದಿಂಬುಗಳೆಲ್ಲ ಹೊಸವು, ಬಣ್ಣ ಮಾತ್ರ ಅದೇ ಕೆಂಪು. ಬೀಫಾತಿಮ ಹೊಸ್ತಿಲಲ್ಲಿ ನಿಂತು ಈ ಗೋಡೆಯಿಂದ ಆ ಗೋಡೆಗೆ ಕಣ್ಣು ಹಾಯಿಸಿದಳು.

“ಹ್ಞೂಂ,” ಅಂದಳು. “ನಾಲ್ಕು ಸಂಸಾರ ಮಲಗಬಹುದಿತ್ತು.”

“ಆಯ್ತು, ಹೋಗುವ. ಚಾ ಕುಡಿಯುವ,” ಎಂದು ಹಸನಬ್ಬ ಅವಸರ ಮಾಡಿದ.

ಅಷ್ಟರಲ್ಲಿ ಮೊಮ್ಮಗಳು ಮಿಸ್ರಿಯಾ ಅಂಗಳದಾಚೆಯಿಂದ ಕೂಗಿದಳು, “ಡ್ಯಾಡಿ, ಕಮ್ ಹಿಯರ್! ದಿಸ್ ಫ್ಲೋರ್ ಈಸ್ ಸೋ ಫನ್ನಿ!”

ಅದು ಮೆಟ್ಟಿಲ ಪಕ್ಕದ ಗೂಡಿನಂಥ ಕೋಣೆ. ಬಾಗಿಲಿಗೆ ಹಗ್ಗ ಕಟ್ಟಿದ್ದರು. ಝಹೀರ್ ಬೋರ್ಡು ಓದಿ ಉಮ್ಮನಿಗೆ ಹೇಳಿದ, “ಖರ್ಜೂರದ ಕೋಣೆಯಂತೆ ಇದು. ನೆಲದಲ್ಲಿ ದಿಣ್ಣೆ ದಿಣ್ಣೆ ಉಂಟಲ್ಲ, ಅದರ ಮೇಲೆ ಮೂಟೆ ಪೇರಿಸುವುದು. ರಸ ಇಳಿದು ಈ ಸಂದಿಯಲ್ಲಿ ಹರಿದು ಮೂಲೆಯ ಹಂಡೆಗೆ ಬೀಳುತ್ತಿತ್ತಂತೆ.” ಬೋರ್ಡಿನ ಕೆಳಗೆ ಫೋಟೋ ಒಂದಿತ್ತು. ಅದರಡಿಯ ಸಾಲನ್ನೂ ಓದಿದ, “ದುರಸ್ತಿಗೆ ಮುಂಚೆ ಕಸ ತುಂಬಿದ್ದ ಸ್ಥಿತಿ.”

ಕಸವೆಂದರೆ ಸಂದಿಗಳಿಗೆ ತುರುಕಿದ ರಟ್ಟು, ಒಂದು ತಗಡಿನ ಪೆಟ್ಟಿಗೆ, ಹಳೆ ಸೀರೆ ಸೇರಿಸಿ ಹೊಲಿದ ಒಂದು ಹಾಸು. ಬೀಫಾತಿಮ ಕನ್ನಡಕ ಹಾಕಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋದಳು.

“ಇದು ನನ್ನ ನಿಕಾಹಿನ ಹಸಿರು ಸೀರೆ,” ಅಂದಳು. “ಈ ಅಂಚು ನಾನೇ ಹೊಲಿದದ್ದು. ನಿಮ್ಮ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದು.”

“ನಾನು ಕೆಲಸ ಬಿಟ್ಟ ಮೇಲೆ ಯಾರೋ ಇಲ್ಲಿ ಎಸೆದಿರಬೇಕು,” ಅಂದ ಹಸನಬ್ಬ. ಪಾಪ, ಸುಳ್ಳಿಗೂ ವಯಸ್ಸಾಗಿತ್ತು, ಕಾಲು ನಿಲ್ಲಲಿಲ್ಲ.

ಬೀಫಾತಿಮ ಹಗ್ಗ ಎತ್ತಿ ಒಳಗೆ ನುಗ್ಗಿದಳು. ಕೂತು ನೆಲದ ದಿಣ್ಣೆಗಳನ್ನು ಕೈಯಿಂದ ಸವರಿದಳು. ಆಮೇಲೆ ಬುರ್ಖಾ ಸಮೇತ ಮಗ್ಗುಲಾಗಿ ಮಲಗಿಯೇಬಿಟ್ಟಳು! “ಮಾಮಾ, ಮಮ್ನೂ, ಮಮ್ನೂ!” ಅಂದರೆ ಅಮ್ಮಾ, ಒಳಗೆ ಹೋಗಬಾರದು ಎಂದು ಬೊಬ್ಬೆ ಹಾಕುತ್ತಾ ಕಾವಲುಗಾರ ಓಡಿ ಬಂದ. ಝಹೀರ್ ಅವನನ್ನು ತಡೆದು ಬೇಡಿಕೊಳ್ಳತೊಡಗಿದ. ಗಿಡ್ಡ ಹೆಂಗಸು ಬೀಫಾತಿಮ, ಅವಳ ಕಾಲೇ ಗೋಡೆಗೆ ತಾಗಿತ್ತು. ಹಸನಬ್ಬ ಅವಳಿಗಿಂತ ಒಂದು ಮೊಳ ಎತ್ತರ.

“ಎಷ್ಟು ವರ್ಷ?” ಮಲಗಿದಲ್ಲಿಂದಲೇ ಕೇಳಿದಳು.

“ಪೂರ್ತಿ,” ಅಂದ. “ಹತ್ತೊಂಬತ್ತೂ.”

ಆ ಕ್ಷಣ ಅವಳು ಅತ್ತಿದ್ದರೆ ಹಸನಬ್ಬ ಬದುಕಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಸಣ್ಣ ಆಸೆಯೂ ಆಯಿತು, ಈಗಲಾದರೂ ಇವಳು ಅಯ್ಯೋ ಅನ್ನಲಿ ಎಂದು. ಅವಳು ಎದ್ದಳು. ಅವನು ಚಾಚಿದ ಕೈ ಹಿಡಿಯಲಿಲ್ಲ. ಗೋಡೆ ಹಿಡಿದು ನಿಂತು ಬುರ್ಖಾದ ಧೂಳು ಕೊಡವಿದಳು.

“ನಿನಗೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ,” ಅಂದ ಹಸನಬ್ಬ.

“ಬೇಜಾರು ಮಾಡಿಕೊಳ್ಳಲಿಕ್ಕೆ ಬಿಡಬೇಕಿತ್ತು ನೀವು,” ಅಂದಳು. ಸ್ವರ ಏರಲಿಲ್ಲ. “ಗೊತ್ತಿದ್ದರೆ, ಪಾಪ ನನ್ನ ಗಂಡ ಅಂತ ಕಾಯುತ್ತಿದ್ದೆ. ನಾನು ಕಾದದ್ದು ಹೇಗೆ ಗೊತ್ತುಂಟಾ? ಐದು ಹೊತ್ತೂ ನಮಾಜು ಮುಗಿಸಿ ದುಆ ಬೇಡಲು ಕೈ ಎತ್ತುತ್ತಿದ್ದೆ. ನಿಮ್ಮ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಝಹೀರನಿಗೆ ಮಾತ್ರ ಕೇಳಿ ಕೈ ಇಳಿಸುತ್ತಿದ್ದೆ. ನೀವು ಇಲ್ಲಿ ಮಲಗಿದ್ದಿರಿ, ನಾನು ಅಲ್ಲಿ ಒಂದು ದಿನವೂ ನಿಮಗೆ ದುಆ ಮಾಡಲಿಲ್ಲ. ಅಷ್ಟು ದುಆ ಈಗ ಎಲ್ಲಿಂದ ತರುವುದು, ಹೇಳಿ?”