ಗುರೋ ಕೊರೆದ ಕಿಟಕಿ

ಅಮೆರಿಕದ ಮಿನೆಸೋಟದ ನಮ್ಮೂರಿನಲ್ಲಿ ಈಗ ಬೇಲಿ ಹಾಕಿ ಕಾಪಾಡಿರುವ ಮರದ ದಿಮ್ಮಿಗಳ ಮನೆಯನ್ನು ಕಟ್ಟಿದವನು ನನ್ನ ಮುತ್ತಜ್ಜ ಹಾಲ್ವರ್. ಅದಕ್ಕೆ ಕಿಟಕಿ ಕೊರೆದವಳು ಮುತ್ತಜ್ಜಿ ಗುರೋ.

ಗುರೋ ನಾರ್ವೆಯ ಬೆಸ್ತರ ಮನೆಯ ಹುಡುಗಿ, ಕಿಟಕಿ ತೆರೆದರೆ ಕಡಲು ಕಾಣುವ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಹಡಗು ಹತ್ತಿ ಬಂದು ಈ ಒಂದೇ ಕೋಣೆಯೊಳಗೆ ಕಾಲಿಟ್ಟಾಗ ಹಗಲಲ್ಲೇ ದೀಪ ಹಚ್ಚಬೇಕಾಯಿತು.

"ಕಿಟಕಿ ಎಲ್ಲಿ?"

"ಕಿಟಕಿ ಇಟ್ರೆ ಚಳಿ ಒಳಗೆ ಬಂದು ಕೂತ್ಕೊಳ್ಳುತ್ತೆ. ಮುಂದಿನ ವರ್ಷ ನೋಡೋಣ" ಎಂದ ಹಾಲ್ವರ್.

ಮೂರು ವರ್ಷವೂ ಅದೇ ಮಾತು. ನೆರೆಮನೆ ಏಳು ಮೈಲಿ ದೂರ. ಚಳಿಗಾಲವಿಡೀ ಅವಳು ಗೋಡೆಗೆ ಮುಖ ಕೊಟ್ಟು ಉಣ್ಣೆ ನೂಲುತ್ತಿದ್ದಳು.

೧೮೭೧ರ ಜನವರಿಯಲ್ಲಿ ಹಾಲ್ವರ್ ಗೋಧಿ ಬೀಸಿಸಲು ಪೇಟೆಗೆ ಹೋದ. ಮರುದಿನವೇ ಹಿಮಗಾಳಿ ಎದ್ದಿತು. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಅದರ ಮುಂದೆ ಹಿಮ ಆಳೆತ್ತರ ಗುಡ್ಡೆಯಾಯಿತು. ಗುರೋ ಭುಜ ಕೊಟ್ಟು ನೂಕಿದಳು, ಒದ್ದಳು, ಅತ್ತಳು. ಬಾಗಿಲು ಕದಲಲಿಲ್ಲ.

ಮೂರನೆಯ ಬೆಳಗ್ಗೆ ಹೊಗೆಕೊಳವೆಯೂ ಕಟ್ಟಿಕೊಂಡಿತು. ಹೊಗೆ ಒಳಗೇ ತಿರುಗಿತು. ಐದು ತಿಂಗಳ ಕೂಸು ಸಿಗ್ರಿ ಕೆಮ್ಮಿ ಕೆಮ್ಮಿ ನೀಲಿಯಾಗತೊಡಗಿತು. ಒಲೆ ಉರಿದರೆ ಹೊಗೆ, ಆರಿಸಿದರೆ ಚಳಿ. ಗುರೋ ಬೆಂಕಿಗೆ ನೀರು ಸುರಿದು, ಕೂಸನ್ನು ಎದೆಗೆ ಬಿಗಿದುಕೊಂಡು, ಗಂಡನ ಬೈರಿಗೆ ಕೈಗೆತ್ತಿಕೊಂಡಳು. ಬಾಗಿಲಿನ ಎದುರು ಗೋಡೆಯ ದಿಮ್ಮಿಗೆ ಸಾಲಾಗಿ ತೂತು ಕೊರೆದು, ಗರಗಸ ತೂರಿಸಿ ಕೊಯ್ದಳು. ಸಂಜೆಯ ಹೊತ್ತಿಗೆ ಎರಡು ತುಂಡು ಹೊರಗೆ ಬಿದ್ದವು. ಹೊಗೆ ಹೊರಟುಹೋಗಿ ಬೆಳಕು ಬಂತು. ತಲೆ ತೂರಿತು, ಭುಜ ತೂರಲಿಲ್ಲ.

"ಯಾರಾದ್ರೂ ಇದೀರಾ?" ಎಂದು ಕೂಗಿದಳು. ಬರಿಯ ಬಿಳುಪು. ಸಣ್ಣಗೆ ಉರಿ ಹಾಕಿಕೊಂಡು ಇನ್ನೆರಡು ದಿನ ಕಳೆದಳು.

ಹಾಲ್ವರ್ ಬಂದಾಗ ಅವನಿಗೆ ಕಂಡದ್ದು ಗೋಡೆಯಿಂದ ಹೊರಬಂದ ಹೆಂಡತಿಯ ತಲೆ.

"ಅಯ್ಯೋ, ಮನೇನ ಏನು ಮಾಡ್ಬಿಟ್ಟೆ ಗುರೋ!"

"ಮನೆ ಹಾಳಾಗ್ಲಿ. ನಿನ್ನ ಮಗಳು ಉಸಿರಾಡ್ತಿದಾಳೆ, ನೋಡು. ಮೊದಲು ಬಾಗಿಲು ಬಿಡಿಸು."

ಹಲಗೆ ಬಡಿದು ಮುಚ್ಚಲು ಹೊರಟವನಿಗೆ ಅವಳು, "ಮುಚ್ಚು. ಬೈರಿಗೆ ಎಲ್ಲಿದೆ ಅಂತ ನಂಗೂ ಗೊತ್ತು" ಎಂದಳು. ವಸಂತದಲ್ಲಿ ಅವನೇ ಗಾಜು ತಂದು ಕೂರಿಸಿದ.

"ನನ್ನನ್ನ ನಾರ್ವೆಗೆ ಕಳಿಸ್ಬಿಡು" ಎಂದು ಅವಳು ಅಂಗಲಾಚಿದ್ದೂ ಆ ವಸಂತದಲ್ಲೇ. "ಈ ಬೆಳೆ ಬರಲಿ" ಎಂದ. ಬೆಳೆ ಬಂತು, ಮತ್ತೆ ಆರು ಮಕ್ಕಳೂ ಬಂದರು.

ಇಪ್ಪತ್ತು ವರ್ಷದ ಮೇಲೆ ಹಾಲ್ವರ್ ಹಲಗೆಯ ದೊಡ್ಡ ಮನೆ ಕಟ್ಟಿ ಹೆಮ್ಮೆಯಿಂದ ಕರೆದೊಯ್ದ. "ನೋಡೇ, ಒಂಬತ್ತು ಕಿಟಕಿ!"

ಗುರೋ ಒಂದೊಂದರ ಮುಂದೂ ನಿಂತು ಬಂದಳು. "ಒಂಬತ್ತರಲ್ಲೂ ಅದೇ ಹುಲ್ಲು, ಹಾಲ್ವರ್" ಎಂದವಳೇ ಒಲೆ ಹಚ್ಚಲು ಹೋದಳು.