ಮುನಿಯಕ್ಕ ಮೂಸದ ನೀರು

ಚೈತ್ರಾ, ಮನೋಜ, ನೀವು ಸಂಜೆ ಸೈಕಲ್ ಓಡಿಸುವ ಕೆರೆಯ ಗೋಡೆಯ ವಿಷಯ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನಿಮ್ಮಜ್ಜಿಗೆ ನಾಚಿಕೆ. ಗೋಡೆಗಿಂತ ಮೊದಲು ಮುನಿಯಕ್ಕನ ಮೂಗಿನ ಮಾತು ಹೇಳಬೇಕು.

ಮುನಿಯಕ್ಕ ಏನನ್ನೂ ಮೂಸದೆ ಮುಟ್ಟುತ್ತಿರಲಿಲ್ಲ. ಕೊಟ್ಟ ಕಾಫಿ, ಹಬ್ಬದ ಹೊಸ ಸೀರೆ, ಎಲ್ಲವೂ ಮೊದಲು ಮೂಗಿನ ಹತ್ತಿರ ಹೋಗಬೇಕು. ನಿಮ್ಮಪ್ಪ ಹುಟ್ಟಿದಾಗ ಅವನ ನೆತ್ತಿ ಮೂಸಿ, “ಒಳ್ಳೆ ನೀರಿನ ಮಗ ಕಣವ್ವ” ಅಂದಿದ್ದಳು. ನಮ್ಮ ಪಕ್ಕದ ಮನೆಯವಳು. ಊರ ಕೆರೆಯಲ್ಲಿ ಮೀನು ಹಿಡಿದು ಹೆಬ್ಬಗೋಡಿ ಸಂತೆಯಲ್ಲಿ ಮಾರುತ್ತಿದ್ದಳು. ಕಿವಿರು ಬಿಡಿಸಿ ಮೂಸಿದಾಗ ಸ್ವಲ್ಪ ಹಳಸಲು ಅನ್ನಿಸಿದರೂ ಮೀನು ನಾಯಿಗೆ ಹೋಗುತ್ತಿತ್ತು, ಗಿರಾಕಿಗೆ ಅಲ್ಲ.

ಆಗ ಕೆರೆ ತುಂಬಿದರೆ ನೀರು ಕೋಡಿಯ ಮೇಲೆ ಹರಿದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಕೋಡಿ ಎಂದರೆ ಇಳಿಜಾರಾಗಿ ಹಾಸಿದ ಕಲ್ಲು. ಕೆಳಗಿನ ಕೆರೆಯ ಮೀನುಗಳು ಆ ನೀರಿಗೆ ಎದುರಾಗಿ ಹತ್ತಿ ಬಂದು, ನಮ್ಮ ಕೆರೆಯಂಚಿನ ಹುಲ್ಲಿನಲ್ಲಿ ಮೊಟ್ಟೆಯಿಡುತ್ತಿದ್ದವು. ಮೀನು ಹತ್ತುವಾಗ ಕೋಡಿಯಲ್ಲಿ ಬಲೆ ಹಾಕಬಾರದು ಎಂಬುದು ಮುನಿಯಕ್ಕನ ಮನೆತನದ ಕಟ್ಟಳೆ. ಯಾರಾದರೂ ಹಾಕಿದರೆ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು: “ಬಸುರಿ ತವರಿಗೆ ಓಗ್ತಾವ್ಳೆ, ದಾರೀಲಿ ನಿಂತು ಸೆರಗು ಎಳೀತೀಯೇನೋ?”

ಆಮೇಲೆ ಹೊಲಗಳೆಲ್ಲ ಕಾರ್ಖಾನೆ ಶೆಡ್ಡುಗಳಾದವು, ಬಾಡಿಗೆ ರೂಮುಗಳಾದವು. ನಮ್ಮ ರೂಮುಗಳ ಮೋರಿಯೂ ಸೇರಿ ಎಲ್ಲವೂ ಕೆರೆಗೇ ಬಂತು. ಮೀನಿನ ಗುತ್ತಿಗೆ ಹಿಡಿದ ಯಾರೋ ಹೊರಗಿನವನು ಕೋಳಿಯಂಗಡಿಯ ಕರುಳು, ಪುಕ್ಕ ತಂದು ಸುರಿದು ಮೀಸೆಮೀನು ಸಾಕಿದ. ಕೊನೆಗೆ ಸರ್ಕಾರದವರು ಕೆರೆಯನ್ನು ಅಂದ ಮಾಡುತ್ತೇವೆಂದು ಕೋಡಿಯ ಕಲ್ಲು ಕಿತ್ತು, ವರ್ಷವಿಡೀ ನೀರು ನಿಲ್ಲಲೆಂದು ಆಳೆತ್ತರದ ಸಿಮೆಂಟು ಗೋಡೆ ಎಬ್ಬಿಸತೊಡಗಿದರು.

ಮುನಿಯಕ್ಕ ಇಂಜಿನಿಯರನ ಹತ್ತಿರ ಹೋದಳು. ನಾನು ಸೆರಗು ಕಚ್ಚಿಕೊಂಡು ಅವಳ ಹಿಂದೆ ನಿಂತಿದ್ದೆ.

“ಸಾರ್, ಮೀನು ಎಂಗೆ ಅತ್ತೋದು?”

“ಮೀನಿಗೆ ಲಿಫ್ಟ್ ಹಾಕ್ಸೋಣ ಬಿಡಜ್ಜಿ.”

“ಲಿಫ್ಟು ನಿನ್ನ ಎಂಡ್ರಿಗೆ ಆಕ್ಸು. ಮೀನಿಗೆ ಒಂದು ಇಳಿಜಾರು ಬಿಡು.”

“ಪ್ಲಾನಲ್ಲಿಲ್ಲ ಅಜ್ಜಿ. ನೀರು ನಿಲ್ಸೋದು ನಮ್ ಕೆಲ್ಸ. ಮೀನು ಬೇರೆ ಡಿಪಾರ್ಟ್‌ಮೆಂಟು.”

ಅವಳು ಗೋಡೆಯ ಹಸಿ ಸಿಮೆಂಟಿನ ಮೇಲೆ ಉಗಿದು ಬಂದಳು.

ಮುಂದಿನ ಮಳೆಗಾಲದಲ್ಲಿ ಗೋಡೆಯ ಮೇಲೆ ನೀರು ಹರಿಯಿತು. ಕೆಳಗಿನಿಂದ ಮೀನುಗಳು ಬಂದೇಬಂದವು. ಹಾರಿ ಹಾರಿ ಗೋಡೆಗೆ ಬಡಿದು ಸಿಮೆಂಟಿನ ಮೇಲೆ ಬೀಳುತ್ತಿದ್ದವು. ಬಕೆಟ್ಟು ಹಿಡಿದ ಹುಡುಗರು ನೆರೆದಿದ್ದರು. “ಮಚ್ಚಾ, ವಿಡಿಯೋ ಮಾಡೋ, ಸಕ್ಕತ್ತಾಗೈತೆ” ಎಂದು ಒಬ್ಬ ಕೂಗುತ್ತಿದ್ದ. ಮುನಿಯಕ್ಕ ಅವನನ್ನು ಮೊಣಕೈಯಲ್ಲಿ ತಳ್ಳಿ ನೀರಿಗಿಳಿದು ಬಿಂದಿಗೆಗೆ ಮೀನು ತುಂಬತೊಡಗಿದಳು.

“ನೀನೂ ಬಾ. ಸೆರಗು ಕಚ್ಕೊಂಡು ನಿಂತ್ರೆ ಮೀನು ಅತ್ತಲ್ಲ.”

ಜೀವವಿರುವ ಮೀನನ್ನು ನಾನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಸೀರೆ ಎತ್ತಿ ಕಟ್ಟಿ ಇಳಿದೆ. ಸೊಂಟದ ಮೇಲಿನ ಬಿಂದಿಗೆಯೊಳಗೆ ಮೀನು ಮಿಸುಕಿದರೆ, ನಿಮ್ಮಪ್ಪ ಹೊಟ್ಟೆಯಲ್ಲಿದ್ದಾಗ ಒದೆಯುತ್ತಿದ್ದ ಹಾಗೇ ಇತ್ತು. ಕತ್ತಲಾಗುವವರೆಗೆ ಇಬ್ಬರೂ ಗೋಡೆ ದಾಟಿಸಿ ದಾಟಿಸಿ ನಮ್ಮ ಕೆರೆಗೆ ಸುರಿದೆವು. “ಈ ಸಲ ಬಾಣಂತನ ನಮ್ದೇ ಕಣವ್ವ” ಎಂದು ಮುನಿಯಕ್ಕ ನಕ್ಕಳು.

ಬೆಳಿಗ್ಗೆ ವಾಸನೆ ಮನೆಬಾಗಿಲಿಗೇ ಬಂತು. ನಾವು ಹೊತ್ತು ಹಾಕಿದ ಮೀನುಗಳು ನೊರೆಯಲ್ಲಿ ಬಿಳಿಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದಡಕ್ಕೆ ಬಿದ್ದವನ್ನು ನಾಯಿಗಳು ಬಗೆದಿದ್ದವು, ಮೊಟ್ಟೆ ನವಣೆಯ ಹಾಗೆ ಚೆಲ್ಲಿತ್ತು. ಮೊದಲೆಲ್ಲ ಕೋಡಿ ಹರಿದಾಗ ಕೆರೆಯ ಕೊಳೆಯೂ ಕೊಚ್ಚಿಹೋಗುತ್ತಿತ್ತು. ಗೋಡೆ ನೀರಿನ ಜೊತೆ ಅಷ್ಟೂ ಹೊಲಸನ್ನು ತಡೆದು ಕೂಡಿಟ್ಟಿತ್ತು. ಮೂಗಿಗೆ ಕರವಸ್ತ್ರ ಹಿಡಿದು ವಾಕಿಂಗಿಗೆ ಬಂದವರೊಬ್ಬರು, “ನೀವೇ ಹಾಕಿದ್ದಂತೆ, ನೀವೇ ಕ್ಲೀನ್ ಮಾಡಿ” ಅಂದರು. ಅವರ ಮುಖ ನೆನೆದರೆ ನನಗೆ ಇಂದಿಗೂ ಹೇಸಿಗೆ.

ಮುನಿಯಕ್ಕ ನೀರಿನಂಚಿಗೆ ಹೋದಳು. ಬಾಗಿ ಒಂದು ಬೊಗಸೆ ನೀರು ತೆಗೆದು ಮೂಸಿದಳು.

“ನಿನ್ನೆ ಮೂಸ್ಲೇ ಇಲ್ಲ ಕಣವ್ವ. ತವರು ಅಂತ ನಂಬ್ಬಿಟ್ಟೆ.”

ಅಲ್ಲಿಂದಾಚೆಗೆ ಅವಳು ಬಲೆ ಮುಟ್ಟಲಿಲ್ಲ. ಮಗಳ ಬಾಡಿಗೆ ರೂಮಿಗೆ ಹೋಗಿ ಸೇರಿಕೊಂಡಳು. ಕೊನೆಯ ಸಲ ನೋಡಲು ಹೋದಾಗ ಬಸ್ಸಾರು, ಮುದ್ದೆ ಒಯ್ದಿದ್ದೆ. ಬಟ್ಟಲು ಕೊಟ್ಟು, ಅದು ಮೂಗಿನ ಹತ್ತಿರ ಹೋಗಲೆಂದು ಕಾದೆ. ಹೋಗಲಿಲ್ಲ. ಸುಮ್ಮನೆ ಮುರಿದು ಮುರಿದು ನುಂಗಿದಳು.

“ಉಪ್ಪು ಸರಿಯಾಗಿದೆಯಾ ಅಕ್ಕ?”

“ಐತೆ ಅನ್ಕೋ.”

ಮತ್ತೆ ನಾನು ಹೋದದ್ದು ಅವಳ ಮಣ್ಣಿಗೆ.

ಮಕ್ಕಳೇ, ಮೊದಲ ಮಳೆಗೆ ಗೋಡೆಯ ಆಚೆ ಬದಿ ಬಗ್ಗಿ ನೋಡಿ. ಈಗಲೂ ಒಂದೊಂದು ಮೀನು ಬಂದು ಬಡಿಯುತ್ತದೆ. ಮೀನು ಹತ್ತುವ ದಾರಿ ಎಲ್ಲಿತ್ತೆಂದು ಎಂದಾದರೂ ಯಾರಾದರೂ ಕೇಳಿದರೆ, ಐಸ್‌ಕ್ರೀಂ ಗಾಡಿ ನಿಲ್ಲುವ ಹೊಂಗೆಮರದ ಬಲಕ್ಕೆ ಎಂದು ತೋರಿಸಿ. ಇಳಿಜಾರು ಕಟ್ಟುವ ಮೊದಲು ನೀರು ಮೂಸಲು ಹೇಳಿ. ಅವರು ಕೇಳುವ ಹೊತ್ತಿಗೆ ನಾನಿರುವುದಿಲ್ಲ. ಈ ಹಾಳೆಗಳನ್ನು ಒದ್ದೆಯಾಗದ ಕಡೆ ಜೋಪಾನವಾಗಿ ಇಟ್ಟುಕೊಂಡಿರಿ.