ಆರು ಕುರ್ಚಿಯ ಸೆಟ್ಟು

ಶಾಲೆಯ ಮಕ್ಕಳು ಅವಳನ್ನು ಬೆನ್ನು ಮೇಡಂ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮುದುಕರ ಮಂಡಿ ನೀವಿದ ಫಿಸಿಯೋಥೆರಪಿಸ್ಟ್. ಮಕ್ಕಳ ಬೆನ್ನನ್ನು ಕೆಡುವುದಕ್ಕೆ ಮೊದಲೇ ಕಾಪಾಡೋಣವೆಂದು ಈಗ ತಿಂಗಳಿಗೊಮ್ಮೆ ಶಾಲೆಯ ಹಾಲ್‌ನಲ್ಲಿ ಅಪ್ಪ ಅಮ್ಮಂದಿರಿಗೆ ಪಾಠ ಹೇಳುತ್ತಿದ್ದಳು. ಓದುವಾಗ ಪಾದ ಊರಿರಬೇಕು, ಮೊಣಕೈ ಮೇಜಿನ ಮಟ್ಟಕ್ಕಿರಬೇಕು, ಬೆನ್ನಿಗೆ ಆಸರೆ ಬೇಕು. ಹೇಳಿ ಹೇಳಿ ಗಂಟಲು ಒಣಗಿತ್ತು. ಕೇಳುವವರು ಕತ್ತು ಬಗ್ಗಿಸಿ ಮೊಬೈಲ್ ಉಜ್ಜುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣವಾದರೂ ಒಮ್ಮೆ ಕಿವಿ ಆಡಿಸೀತು. “ಊರವರ ಬೆನ್ನು ನೆಟ್ಟಗೆ ಮಾಡೋಕೆ ಹೋಗಿ ನಿನ್ನ ಬೆನ್ನೇ ಗೂನಾಯ್ತು,” ಎಂದು ಮನೆಯಲ್ಲಿ ಅತ್ತೆ ನಗುತ್ತಿದ್ದರು.

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬೆನ್ನುನೋವೆಂದು ಆಟವನ್ನೇ ಬಿಟ್ಟಳು. ಬೆನ್ನು ಮೇಡಂ ಆ ಹುಡುಗಿಯ ಮನೆಗೇ ಹೋದಳು. ಹುಡುಗಿ ಊಟದ ಮೇಜಿನಲ್ಲಿ ಬರೆಯುತ್ತಿದ್ದಳು. ಮೇಜು ಎದೆಮಟ್ಟ, ಕಾಲು ಗಾಳಿಯಲ್ಲಿ. ಅಂಗಿಯ ಮೇಲೆ, ಭುಜ ಹಿಂದಕ್ಕೆಳೆದು ಬೆನ್ನು ನೆಟ್ಟಗಿಡುವ ಪಟ್ಟಿ ಬಿಗಿದಿದ್ದರು. ಅದು ದೊಡ್ಡವರ ಅಳತೆಯದು, ಗಂಟು ಹಾಕಿ ಗಿಡ್ಡ ಮಾಡಿದ್ದು. ಬೆಳೆಯುವ ಮಗುವಿಗೆ ದೊಡ್ಡದನ್ನೇ ಕೊಂಡರೆ ಬಾಳಿಕೆ ಬರುತ್ತದಲ್ಲ! ಬಿಚ್ಚಿ ನೋಡಿದರೆ ಕಂಕುಳಲ್ಲಿ ಚರ್ಮ ಸುಲಿದು ಕೀವು ಒಸರುತ್ತಿತ್ತು. ಎದುರಿಗೆ ಅಪ್ಪ ನೆಮ್ಮದಿಯಾಗಿ ಟೀ ಹೀರುತ್ತಿದ್ದ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ ಮೇಡಂ? ಅದಕ್ಕೇ ಈಗ್ಲೇ ಬಿಗಿದಿದೀವಿ,” ಅಂದ.

“ಇದನ್ನ ಇನ್ನು ಹಾಕ್ಬೇಡಿ, ಗಾಯ ಡಾಕ್ಟರಿಗೆ ತೋರಿಸಿ. ಕೂರೋಕೆ ಒಂದು ದಪ್ಪ ದಿಂಬು ಹಾಕಿ, ಕಾಲಿನ ಕೆಳಗೊಂದು ಮರದ ಪೆಟ್ಟಿಗೆ ಇಡಿ. ಅಷ್ಟು ಸಾಕು.”

“ಪೆಟ್ಟಿಗೆನಾ?” ಅಮ್ಮ ಗಂಡನ ಮುಖ ನೋಡಿದಳು. “ಬಂದವರ ಕಣ್ಣಿಗೆ ಹೇಗೆ ಕಾಣುತ್ತೆ? ಆರು ಕುರ್ಚಿ ಸೆಟ್ಟು ಮೇಡಂ. ಸೀಟಿನ ಕವರ್ ಕೂಡ ಇನ್ನೂ ತೆಗ್ದಿಲ್ಲ.”

“ಹಾಗಾದ್ರೆ ಒಂದು ಪುಟ್ಟ ಮೇಜು, ಪುಟ್ಟ ಕುರ್ಚಿ ತನ್ನಿ.”

“ಎರಡು ವರ್ಷಕ್ಕೆ ಚಿಕ್ಕದಾಗುತ್ತೆ. ಸುಮ್ನೆ ದಂಡ,” ಅಂದ ಅಪ್ಪ.

“ಇವಳಿಗೆ ಎರಡನೇ ಬೆನ್ನು ಸಿಗಲ್ಲ,” ಎಂದು ಬೆನ್ನು ಮೇಡಂ ಎದ್ದು ಬಂದಳು. ಅವರು ಕೊಟ್ಟ ಟೀ ಮೇಜಿನ ಮೇಲೇ ಉಳಿಯಿತು.

ಮುಂದಿನ ಪಾಠಕ್ಕೆ ಆ ಅಪ್ಪ ಮಗಳನ್ನೂ ಕರೆತಂದ. ಎಲ್ಲರೆದುರು ತಾನಾಗಿಯೇ ಎದ್ದು ನಿಂತ. “ಮೇಡಂ ಹೇಳಿದ ಹಾಗೆ ಪಟ್ಟಿ ಬಿಸಾಕಿದೆ. ಗಾಯ ಮಾಯ್ದಿದೆ. ಕುರ್ಚಿ ತಾಪತ್ರಯನೂ ಮುಗೀತು. ಈಗ ನಿಂತ್ಕೊಂಡೇ ಓದ್ತಾಳೆ, ಹೋಮ್‌ವರ್ಕೆಲ್ಲ ಮುಗಿಯೋವರೆಗೂ.”

ನೆಗಡಿ ಬಂತೆಂದು ಮೂಗು ಕೊಯ್ದ ಈ ಜಾಣನಿಗೆ ನಾಲ್ಕಾರು ಮಂದಿ ತಲೆದೂಗಿದರು. ಹಿಂದಿನ ಸಾಲಿನ ತಾಯಿಯೊಬ್ಬಳು ಒಳ್ಳೇ ಉಪಾಯ ಅಂದಳು. ಮುಖಕ್ಕೆ ಉಗಿಯಬೇಕೆನ್ನುವಷ್ಟು ಹೇಸಿಗೆ ಬೆನ್ನು ಮೇಡಂಗೆ.

ಹಾಲ್ ತುಂಬ ಖಾಲಿ ಕುರ್ಚಿಗಳಿದ್ದರೂ ಹುಡುಗಿ ನಿಂತೇ ಇದ್ದಳು, ಭಾರವನ್ನು ಈ ಕಾಲಿಂದ ಆ ಕಾಲಿಗೆ ಹಾಕುತ್ತ. ಬೆನ್ನು ಮೇಡಂ ಒಂದನೇ ಕ್ಲಾಸಿನಿಂದ ಪುಟ್ಟ ಕುರ್ಚಿಯೊಂದನ್ನು ಎತ್ತಿ ತಂದು ಅವಳನ್ನು ಕೂರಿಸಿದಳು. ಪಾದಗಳೆರಡೂ ನೆಲಕ್ಕೆ ಊರಿದವು. ಹುಡುಗಿ ಬಗ್ಗಿ ಅವನ್ನು ನೋಡಿಕೊಂಡಳು, ಆಮೇಲೆ ಅಪ್ಪನಿಗೆ ಕೇಳಿಸದ ಹಾಗೆ ಕೇಳಿದಳು.

“ಮೇಡಂ, ಇದ್ರಲ್ಲಿ ಎಷ್ಟು ಹೊತ್ತು ಕೂರಬಹುದು?”